ನೆಲದೊಳಗಿನ ಪಾಠ

ಅತ್ತಿಬೆಲೆಯ ನಮ್ಮ ಬೀದಿಯಲ್ಲಿ ಹಿಂದೊಮ್ಮೆ ತಂತಿ ಹೂಳಲು ಬಂದವರ ಹಾರೆ ನೀರಿನ ಕೊಳವೆಗೆ ತಗುಲಿ, ಎರಡು ದಿನ ನಲ್ಲಿಗಳೆಲ್ಲ ಬರಿದಾಗಿದ್ದವು. ಮೂರನೆಯ ದಿನ ಕೊಳವೆಯನ್ನು ಸರಿಪಡಿಸಿದರು, ನೀರು ಬಂದಿತು. ಆದರೆ ಅಂಥ ಹಾರೆ ತಲಕಾಡಿನ ಮರಳಿನಲ್ಲಿ ಹುದುಗಿರುವ ಗೋಡೆಯೊಂದಕ್ಕೆ ತಗುಲಿದರೆ ಏನು ಗತಿ? ಗಂಗರ ರಾಜಧಾನಿಯಾಗಿ ಮೆರೆದ, ಚೋಳರನ್ನು ಗೆದ್ದ ವಿಷ್ಣುವರ್ಧನ 1117ರಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ ನೆಲವದು. ಒಮ್ಮೆ ಕದಡಿದ ಮಣ್ಣಿನ ಪದರವನ್ನು ಮತ್ತೆ ಮೊದಲಿನಂತೆ ಜೋಡಿಸುವುದು ಯಾರಿಂದಲೂ ಆಗದು. ಉತ್ಖನನವೆಂದರೆ ಓದಿದ ಪುಟವನ್ನು ಹರಿಯುತ್ತ ಮುಂದೆ ಸಾಗಿದಂತೆ. ಹರಿಯದೆ ಓದುವ ಉಪಾಯವುಂಟೆ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ.

1910ರಲ್ಲಿ ಜರ್ಮನಿಯ ಲೈಂಬಾಖ್ ಮತ್ತು ಲೋವಿ ಎಂಬಿಬ್ಬರು ನೆಲದಡಿಯ ವಸ್ತುಗಳನ್ನು ರೇಡಿಯೋ ಅಲೆಗಳಿಂದ ಅರಸುವ ವಿಧಾನಕ್ಕೆ ಪೇಟೆಂಟ್ ಪಡೆದರು. 1929ರಲ್ಲಿ ಸ್ಟರ್ನ್ ಎಂಬಾತ ಆಸ್ಟ್ರಿಯದ ಹಿಮನದಿಯೊಂದರ ಆಳವನ್ನು ಅಲೆಗಳಿಂದಲೇ ಅಳೆದನು. 1981ರ ನವೆಂಬರಿನಲ್ಲಿ ಕೊಲಂಬಿಯ ನೌಕೆಯ ರೇಡಾರು ಪೂರ್ವ ಸಹಾರದ ಒಣಮರಳನ್ನು ಭೇದಿಸಿ, ಎಂದೋ ಬತ್ತಿಹೋದ ನದಿಗಳ ಕಣಿವೆಗಳನ್ನು ತೋರಿಸಿತು.

ಇದರ ತತ್ತ್ವ ಸರಳ. ಸುತ್ತಲಿನ ಮಣ್ಣಿಗಿಂತ ಬೇರೆ ವಿದ್ಯುದ್ಗುಣವುಳ್ಳ ಕಲ್ಲನ್ನೋ ಲೋಹವನ್ನೋ ಪೊಳ್ಳನ್ನೋ ಸಂಧಿಸಿದ ಅಲೆಯು ನಾನಾ ದಿಕ್ಕುಗಳಿಗೆ ಚದರುತ್ತದೆ. ಅದರಲ್ಲಿ ಮರಳಿ ಬಂದ ಅಲ್ಪಾಂಶವೇ ನಮಗೆ ದಕ್ಕುವ ಸಾಕ್ಷ್ಯ. ಒಣಮರಳಿನಲ್ಲಿ ಅಲೆಯು ನ್ಯಾನೋಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಸಾಗುತ್ತದೆ. ಪ್ರತಿಧ್ವನಿ 20 ನ್ಯಾನೋಸೆಕೆಂಡುಗಳಲ್ಲಿ ಬಂದರೆ, ಹೋಗಿಬರುವ ದಾರಿಯನ್ನು ಅರ್ಧಿಸಿ, ವಸ್ತುವು ಒಂದೂವರೆ ಮೀಟರ್ ಆಳದಲ್ಲಿದೆಯೆಂದು ಎಣಿಸಬಹುದು. ಹಸಿ ಜೇಡಿಮಣ್ಣಾದರೋ ಅಲೆಯನ್ನೇ ಹೀರಿಬಿಡುತ್ತದೆ.

ತೊಡಕಿರುವುದು ಅರ್ಥೈಸುವುದರಲ್ಲಿ. ಉಪಕರಣವು ಕೊಳವೆಯ ನೆತ್ತಿಗೆ ಬರುವ ಮೊದಲೇ ಅದರ ದನಿಯನ್ನು ಓರೆಯಿಂದ ಕೇಳತೊಡಗುವುದರಿಂದ, ದಾಖಲೆಯಲ್ಲಿ ಮೂಡುವುದು ಕೊಳವೆಯ ಚಿತ್ರವಲ್ಲ, ಬಿಲ್ಲಿನಂತೆ ಬಾಗಿದ ಗೆರೆ. ಬಂಡೆಯೂ ಮರದ ಬೇರೂ ಅಂಥದೇ ಗೆರೆಯನ್ನು ಮೂಡಿಸಬಲ್ಲವು. ಆದುದರಿಂದ ಗಣಿತದ ಮಾದರಿ ಬೇಕಾಯಿತು. ಗೋಳವೊಂದು ಅಲೆಯನ್ನು ಚದರಿಸುವ ಬಗೆಯನ್ನು ಗುಸ್ಟಾವ್ ಮೀ 1908ರಲ್ಲಿ ಲೆಕ್ಕಹಾಕಿ ತೋರಿಸಿದ್ದನು. 1966ರಲ್ಲಿ ಕೇನ್ ಯೀ, ಅವಕಾಶವನ್ನು ಪುಟ್ಟ ಪುಟ್ಟ ಚೌಕಗಳಾಗಿ ಒಡೆದು ಅಲೆಯ ನಡೆಯನ್ನು ಕ್ಷಣಕ್ಷಣಕ್ಕೂ ಗಣಿಸುವ ಹಾದಿ ತೆರೆದನು. ಇಂದಿನ ಶೋಧಕರು ನೆಲದಡಿಯಲ್ಲಿ ಇಂಥದೊಂದು ಗೋಡೆಯಿದೆಯೆಂದು ಊಹಿಸಿ, ಅದು ಚದರಿಸಬೇಕಾದ ಅಲೆಯನ್ನು ಗಣಕದಲ್ಲಿ ಎಣಿಸಿ, ಅಳತೆಯೊಡನೆ ಹೋಲಿಸಿ, ಊಹೆಯನ್ನು ತಿದ್ದುತ್ತಾರೆ.

ಹಳಗನ್ನಡ ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಅಕ್ಷರ ಸವೆದ ಶಾಸನದ ಮುಂದೆ ಕುಳಿತವನೂ ಒಂದು ಪಾಠವನ್ನು ಊಹಿಸಿ, ಉಳಿದ ಗೀರುಗಳೊಡನೆ ತಾಳೆನೋಡುತ್ತಾನೆ. ತನ್ನ ಊಹೆಗೇ ಮರುಳಾದವನಿಗೆ ಕಲ್ಲಿನಲ್ಲಿ ಇಲ್ಲದ ಅಕ್ಷರವೂ ಕಾಣುತ್ತದೆ. ಆ ಅಪಾಯ ರೇಡಾರಿನವರಿಗೂ ತಪ್ಪಿದ್ದಲ್ಲ. ಹೊಂದಿಕೆಯಾದ ಮಾತ್ರಕ್ಕೆ ಊಹೆಯು ಸತ್ಯವಾಗದು. ಮತ್ತೊಂದು ಆಕೃತಿಯೂ ಅದೇ ದನಿಯನ್ನು ಕೊಡಬಹುದು.

ತಲಕಾಡು ಏಕೆ ಮರಳಾಯಿತೆಂಬ ಪ್ರಶ್ನೆಗೆ ಜನ ಅಲಮೇಲಮ್ಮನ ಶಾಪದ ಉತ್ತರ ಕೊಟ್ಟರು. ಆ ಪ್ರದೇಶದ ಪುರಾತತ್ತ್ವಶೋಧಕ್ಕೆ ಉಪಗ್ರಹದ ಚಿತ್ರಗಳನ್ನೂ ರೇಡಾರಿನ ಮಾಹಿತಿಯನ್ನೂ ಒಟ್ಟಾಗಿ ಬಳಸಿದ ಬಗೆಯನ್ನು ಎಂ. ಬಿ. ರಜನಿ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಅಲೆಗಳಿಂದ ಗುದ್ದಲಿಯ ಕೆಲಸವೇನೂ ಮುಗಿಯದು. ಕೊನೆಯ ತೀರ್ಪು ಅದರದೇ. ಆದರೆ ಎಲ್ಲಿ, ಎಷ್ಟು ಆಳಕ್ಕೆ, ಎಷ್ಟು ಮೆಲ್ಲಗೆ ಅಗೆಯಬೇಕೆಂದು ಅದಕ್ಕೆ ಮುಂಚಿತವಾಗಿ ತಿಳಿದರೆ, ಹರಿದುಹೋಗುವ ಪುಟಗಳು ಅಷ್ಟು ಕಡಿಮೆಯಾದಾವು.