ಶುಶ್ರೂಷಾಲಯದಲ್ಲಿ ದಯೆಯೂ ಹಕ್ಕೂ

ನರ್ಸಿಂಗ್ ಹೋಮ್ ಎಂದೊಡನೆ ನಮ್ಮ ಊರುಗಳಲ್ಲಿ ಹೆರಿಗೆಯೋ ಶಸ್ತ್ರಚಿಕಿತ್ಸೆಯೋ ನಡೆಯುವ ಖಾಸಗಿ ಆಸ್ಪತ್ರೆ ನೆನಪಿಗೆ ಬರುತ್ತದೆ. ಅಮೆರಿಕದಲ್ಲಿ ಆ ಮಾತಿಗೆ ಅರ್ಥ ಬೇರೆ. ತಮ್ಮ ಆರೈಕೆಯನ್ನು ತಾವೇ ಮಾಡಿಕೊಳ್ಳಲಾರದ ವೃದ್ಧರೂ ರೋಗಿಗಳೂ ತಿಂಗಳುಗಟ್ಟಲೆ, ಅನೇಕರು ಕಡೆಯ ಉಸಿರಿನವರೆಗೂ, ವಾಸಿಸುವ ಮನೆ ಅದು. ಅಲ್ಲಿರುವವರು ನಡೆಸುವವರ ದಯೆಯಿಂದ ಬಾಳಬೇಕೆ, ತಮ್ಮ ಹಕ್ಕಿನಿಂದ ಬಾಳಬಹುದೆ? ದಯೆ ಸಂಸ್ಕೃತದಿಂದ ಬಂದ ಮಾತು, ಹಕ್ಕು ಅರಬ್ಬಿಯಿಂದ ಬಂದದ್ದು. ಕನ್ನಡದ ಮನೆಯಲ್ಲಿ ಎರಡಕ್ಕೂ ಎಡೆಯುಂಟು. ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಇಂಗ್ಲೆಂಡಿನ 1601ರ ಬಡವರ ಕಾಯಿದೆಯ ಪದ್ಧತಿಯನ್ನು ವಲಸೆಗಾರರು ಅಮೆರಿಕಕ್ಕೂ ಕೊಂಡೊಯ್ದರು. ದಿಕ್ಕಿಲ್ಲದ ಮುದುಕರಿಗೆ ಊರಿನ ಖರ್ಚಿನಲ್ಲಿ ನಡೆಯುವ ಬಡವರ ಮನೆಯೇ ಗತಿಯಾಯಿತು. ಆ ಮನೆಗಳು ಎಷ್ಟು ಹೇಸಿಗೆ ಹುಟ್ಟಿಸಿದ್ದುವೆಂದರೆ, 1935ರ ಸಾಮಾಜಿಕ ಭದ್ರತಾ ಕಾಯಿದೆಯು ಸಾರ್ವಜನಿಕ ಸಂಸ್ಥೆಗಳಲ್ಲಿರುವವರಿಗೆ ವೃದ್ಧಾಪ್ಯದ ನೆರವಿನ ಹಣವನ್ನು ಕೊಡಕೂಡದೆಂದು ವಿಧಿಸಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಎದ್ದು ನಡೆಯಲಾರದ ಮುದುಕಿ ಆ ಹಣವನ್ನು ಹಿಡಿದುಕೊಂಡು ಹೋಗುವುದೆಲ್ಲಿಗೆ? ಖಾಸಗಿಯವರು ಬಾಗಿಲು ತೆರೆದರು. ವೃದ್ಧರ ಆರೈಕೆ ಹೀಗೆ ಒಂದು ವ್ಯಾಪಾರವಾಗಿ ಬೆಳೆಯಿತು. 1965ರಲ್ಲಿ ಮೆಡಿಕೇರ್, ಮೆಡಿಕೈಡ್ ಎಂಬ ಯೋಜನೆಗಳು ಬಂದ ಮೇಲಂತೂ ಸರ್ಕಾರದ ಹಣ ಹೊಳೆಯಾಗಿ ಹರಿಯಿತು. ತಪಾಸಣೆ ಮಾತ್ರ ಹಿಂದೆಯೇ ಉಳಿಯಿತು.

1970ರ ಜನವರಿಯಲ್ಲಿ ಒಹಾಯೊ ಸಂಸ್ಥಾನದ ಮರಿಯೆಟ್ಟಾದಲ್ಲಿ ಇಂಥ ಒಂದು ಮನೆಗೆ ಬೆಂಕಿ ಬಿದ್ದು ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದೇ ಕಾಲದಲ್ಲಿ ಆರ್ಕನ್ಸಾದ ಪ್ರತಿನಿಧಿ ಡೇವಿಡ್ ಪ್ರಯರ್ ತಮ್ಮ ಹುದ್ದೆಯನ್ನು ಮರೆಮಾಡಿ, ಕೆಲವು ಶುಶ್ರೂಷಾಲಯಗಳಲ್ಲಿ ಸಾಮಾನ್ಯ ಸಹಾಯಕನಂತೆ ದುಡಿದು ಒಳಗಿನ ಸ್ಥಿತಿಯನ್ನು ಕಣ್ಣಾರೆ ಕಂಡರು. ನಮ್ಮ ಕಥೆಗಳಲ್ಲಿ ಮಾರುವೇಷದಿಂದ ನಗರಶೋಧನೆ ಮಾಡುವ ಅರಸರು ಬರುತ್ತಾರಲ್ಲವೆ, ಹಾಗೆ! ಇದನ್ನು ವಿಚಾರಿಸಲು ಒಂದು ಸಮಿತಿ ಬೇಕೆಂದು ಅವರು ಕೇಳಿದಾಗ ಸಭೆ ಒಪ್ಪಲಿಲ್ಲ. ಪ್ರಯರ್ ಸುಮ್ಮನಾಗಲಿಲ್ಲ; ಪೆಟ್ರೋಲ್ ಬಂಕೊಂದರ ಬಳಿ ಗಾಲಿಮನೆಗಳನ್ನು ನಿಲ್ಲಿಸಿ, ಅಲ್ಲಿಯೇ ಕಚೇರಿ ಹೂಡಿದರು.

1975ರಲ್ಲಿ ಕೊಲೊರಾಡೊ ಸಂಸ್ಥಾನದ ನಿವಾಸಿಗಳೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತಪಾಸಣೆಗೆ ಬರುವ ಅಧಿಕಾರಿಗಳು ಕಟ್ಟಡವನ್ನೂ ಕಾಗದಪತ್ರವನ್ನೂ ನೋಡುತ್ತಾರೆ, ಹಾಸಿಗೆಯಲ್ಲಿರುವವರಿಗೆ ಆರೈಕೆ ನಿಜವಾಗಿ ಸಿಕ್ಕಿತೆ ಎಂದು ನೋಡುವುದಿಲ್ಲ ಎಂಬುದು ಅವರ ದೂರಿನ ತಿರುಳು. ಒಂಬತ್ತು ವರ್ಷಗಳ ಮೇಲೆ, 1984ರಲ್ಲಿ, ಮೇಲ್ಮನವಿ ನ್ಯಾಯಾಲಯವು ಅದನ್ನು ನೋಡುವ ಹೊಣೆ ಕೇಂದ್ರ ಸರ್ಕಾರದ್ದೇ ಎಂದು ತೀರ್ಪಿತ್ತಿತು.

1987ರ ಡಿಸೆಂಬರ್ 22ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಸುಧಾರಣಾ ಕಾಯಿದೆಯು ಮೆಡಿಕೇರ್, ಮೆಡಿಕೈಡ್ ಹಣ ಪಡೆಯುವ ಮನೆಗಳನ್ನೆಲ್ಲ ಕಟ್ಟಿಹಾಕಿತು. ಶಿಕ್ಷೆಗಾಗಿಯಾಗಲಿ ನೌಕರರ ಅನುಕೂಲಕ್ಕಾಗಿಯಾಗಲಿ ನಿವಾಸಿಯನ್ನು ಮಂಚಕ್ಕೋ ಕುರ್ಚಿಗೋ ಬಿಗಿಯಕೂಡದು. ಔಷಧಿ ಕೊಟ್ಟು ಮಂಕಾಗಿಸಲೂ ಕೂಡದು. ವೈದ್ಯನನ್ನು ಆರಿಸಿಕೊಳ್ಳುವ, ಏಕಾಂತವನ್ನು ಕಾಪಾಡಿಕೊಳ್ಳುವ, ಹಗೆತನದ ಭಯವಿಲ್ಲದೆ ದೂರು ಹೇಳುವ ಅಧಿಕಾರ ನಿವಾಸಿಯದು. ಮನೆಯಿಂದ ಹೊರಕಳಿಸಬೇಕಾದರೆ ಕಾಯಿದೆಯಲ್ಲಿ ಹೇಳಿದ ಕಾರಣ ಬೇಕು. ಸಾಮಾನ್ಯವಾಗಿ ಮೂವತ್ತು ದಿನ ಮೊದಲೇ ತಿಳಿಸಬೇಕು. ಬಿಗಿಯಬಾರದೆಂಬ ಮಾತನ್ನೂ ಕಾಯಿದೆಯಲ್ಲಿ ಬರೆಯಬೇಕಾಯಿತಲ್ಲ!

ಇವನ್ನು ಮೀರಿದರೆ ಸರ್ಕಾರ ಹಣ ನಿಲ್ಲಿಸಬಹುದು. ಆದರೆ ನೊಂದವನು ತಾನೇ ದಾವೆ ಹೂಡಬಹುದೆ? ಇವು ಸರ್ಕಾರವು ಹಣಕ್ಕೆ ಹಾಕಿದ ಷರತ್ತುಗಳೇ ಹೊರತು ವ್ಯಕ್ತಿಯ ಹಕ್ಕುಗಳಲ್ಲವೆಂಬ ವಾದವಿತ್ತು. ಇಂಡಿಯಾನಾದಲ್ಲಿ ಸರ್ಕಾರಿ ಒಡೆತನದ ಶುಶ್ರೂಷಾಲಯದಲ್ಲಿದ್ದ ಮರೆವಿನ ರೋಗಿಯೊಬ್ಬರಿಗೆ ಮಂಕುಗೊಳಿಸುವ ಔಷಧಿ ಕೊಟ್ಟು, ಬೇರೆಡೆಗೆ ಸಾಗಿಸಿದರೆಂದು ಕುಟುಂಬದವರು ಹೂಡಿದ ತಾಲೆವ್ಸ್ಕಿ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಜೂನ್ 8ರಂದು ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ, ಇವು ಹಕ್ಕುಗಳೇ ಎಂದರು. ದಾವೆಗೆ ದಾರಿ ಕೊಟ್ಟದ್ದು ಅಂತರ್ಯುದ್ಧದ ತರುವಾಯ, ಬಿಡುಗಡೆ ಹೊಂದಿದ ಗುಲಾಮರ ರಕ್ಷಣೆಗೆಂದು 1871ರಲ್ಲಿ ಮಾಡಿದ್ದ ಹಳೆಯ ಕಾಯಿದೆ. ಆ ದಾರಿಯೂ ಸರ್ಕಾರದ ಅಧಿಕಾರ ನಡೆಸುವವರ ಮೇಲೆ ಮಾತ್ರ ತೆರೆದಿರುತ್ತದೆ. ಅಮೆರಿಕದ ಬಹುಪಾಲು ಶುಶ್ರೂಷಾಲಯಗಳು ಖಾಸಗಿಯವರ ಕೈಯಲ್ಲಿರುವುವು. ಅಲ್ಲಿನ ನಿವಾಸಿಗಳು ತಂತಮ್ಮ ಸಂಸ್ಥಾನದ ಕಾನೂನನ್ನೇ ನೆಚ್ಚಬೇಕಾಗಿದೆ.