ಜಾಯ್‌ಸ್ಟಿಕ್ ನಿಯಂತ್ರಣ (ಅವಳಿ ಎಂಜಿನ್ ದೋಣಿ)

ಅವಳಿ ಎಂಜಿನ್ ಮೋಟಾರುದೋಣಿಯನ್ನು ಧಕ್ಕೆಗೆ ತರಲು, ಇಕ್ಕಟ್ಟಾದ ಜಾಗದಲ್ಲಿ ತಿರುಗಿಸಲು ಬಳಸುವ ಒಂದೇ ಹಿಡಿಯ ವಿದ್ಯುನ್ಮಾನ ವ್ಯವಸ್ಥೆ. ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪನಿ ತನ್ನ ಐಪಿಎಸ್ ಪಾಡ್ ಚಾಲನೆಗೆ (ದೋಣಿಯ ತಳದಡಿ ತಿರುಗುವ ಪ್ರೊಪೆಲರು ಘಟಕ) 2006ರಲ್ಲಿ ಇದನ್ನು ಅಳವಡಿಸಿದ ಮೇಲೆ ವಿಹಾರದೋಣಿಗಳಲ್ಲಿ ಬಳಕೆ ಹೆಚ್ಚಿತು. ಮುಂದೆ ಮರ್ಕ್ಯುರಿ, ಯಮಾಹಾ ಮೊದಲಾದ ಕಂಪನಿಗಳು ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸುವ) ಎಂಜಿನ್‌ಗಳಿಗೂ ಇಂಥ ವ್ಯವಸ್ಥೆ ತಂದವು.

ಕಾರ್ಯವಿಧಾನ: ಸ್ಥಿರ ಶಾಫ್ಟಿನ ದೋಣಿಯಲ್ಲಿ ಒಂದು ಎಂಜಿನ್ನನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನಡೆಸಿ ದೋಣಿಯನ್ನು ನಿಂತಲ್ಲೇ ತಿರುಗಿಸಬಹುದು, ಆದರೆ ನೇರವಾಗಿ ಪಕ್ಕಕ್ಕೆ ಸರಿಸುವುದು ಕಷ್ಟ. ಜಾಯ್‌ಸ್ಟಿಕ್ ವ್ಯವಸ್ಥೆಯಲ್ಲಿ ಎರಡು ಚಾಲನಾ ಘಟಕಗಳೂ ಬೇರೆಬೇರೆ ಕೋನಕ್ಕೆ ತಿರುಗುತ್ತವೆ. ಹಿಡಿಯನ್ನು ಪಕ್ಕಕ್ಕೆ ವಾಲಿಸಿದಾಗ ಕಂಪ್ಯೂಟರು ಪ್ರತಿ ಘಟಕದ ಕೋನ, ಗೇರು, ವೇಗಗಳನ್ನು ಲೆಕ್ಕಹಾಕುತ್ತದೆ. ಒಂದು ಮುಂದಕ್ಕೆ, ಮತ್ತೊಂದು ಹಿಂದಕ್ಕೆ ಓರೆಯಾಗಿ ತಳ್ಳುವುದರಿಂದ ಹಿಂದು-ಮುಂದಿನ ಬಲಗಳು ಪರಸ್ಪರ ರದ್ದಾಗಿ ಪಕ್ಕದ ಬಲಗಳು ಕೂಡಿಕೊಳ್ಳುತ್ತವೆ. ಎರಡೂ ಬಲರೇಖೆಗಳು ದೋಣಿಯ ತಿರುಗುಕೇಂದ್ರದಲ್ಲಿ ಸಂಧಿಸಿದರೆ ದೋಣಿ ತಿರುಗದೆ ಸರಿಯುತ್ತದೆ. ಹಿಡಿಯ ತಲೆಯನ್ನು ತಿರುಚಿದರೆ ದೋಣಿ ಇದ್ದಲ್ಲೇ ಸುತ್ತುತ್ತದೆ. ಹಲವು ಮಾದರಿಗಳು ಜಿಪಿಎಸ್ ಹಾಗೂ ವಿದ್ಯುನ್ಮಾನ ದಿಕ್ಸೂಚಿಯ ನೆರವಿನಿಂದ ದೋಣಿಯನ್ನು ಒಂದೇ ಸ್ಥಳದಲ್ಲಿ ನಿಲ್ಲಿಸಿಡುತ್ತವೆ.

ಮಿತಿಗಳು: ಜೋರುಗಾಳಿ, ಸೆಳವುಗಳಲ್ಲಿ ಪಕ್ಕದ ಬಲ ಸಾಲದೇ ಹೋಗಬಹುದು. ಪ್ರೊಪೆಲರುಗಳು ಹಿಮ್ಮುಖವಾಗಿ ತಿರುಗುವಾಗ ಕಡಿಮೆ ಬಲ ಕೊಡುತ್ತವೆ. ಒಂದು ಎಂಜಿನ್ ಕೆಟ್ಟರೂ ಪಕ್ಕಕ್ಕೆ ಸರಿಯುವ ಸಾಮರ್ಥ್ಯ ಇಲ್ಲವಾಗುತ್ತದೆ. ಆದ್ದರಿಂದ ಗೇರು, ಥ್ರಾಟಲ್‌ಗಳಿಂದಲೇ ದೋಣಿ ನಡೆಸುವ ಅಭ್ಯಾಸ ಚಾಲಕನಿಗೆ ಅತ್ಯಗತ್ಯ. ಎಂಜಿನ್ ಚಾಲೂ ಇರುವಷ್ಟು ಹೊತ್ತೂ, ದೋಣಿ ನಿಂತಂತೆ ಕಂಡರೂ, ಸುತ್ತಲಿನ ನೀರಿನಲ್ಲಿ ಯಾರೂ ಈಜಬಾರದು.