1948ರ ಗಡಿದಾಳಿಗಳು: ಚರಿತ್ರೆಗೆ ನಾವು ಹೇಗೆ ಸಾಕ್ಷಿ ನುಡಿಯಬೇಕು?

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲಿ ಧ್ವಜಾರೋಹಣ ನಡೆಯುತ್ತದೆ. ಹಿಂದೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯಲಾಗುತ್ತಿದ್ದ ಈ ದಿನಕ್ಕೆ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವೆಂಬ ಹೆಸರು ಬಂದಿದೆ. ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿರುವ ನಮಗೆ ಅದು ಇತರ ದಿನಗಳಂತೆಯೇ ಕಳೆದುಹೋಗುತ್ತದೆ. 1947ರ ಆಗಸ್ಟ್‌ನಲ್ಲೇ ಮೈಸೂರು ಸಂಸ್ಥಾನವು ಭಾರತ ಒಕ್ಕೂಟವನ್ನು ಸೇರಲು ಒಪ್ಪಿತ್ತು. 1948ರಲ್ಲಿ ಇಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬೀಳುತ್ತಿದ್ದ ಹೊತ್ತಿಗೆ ತುಂಗಭದ್ರೆಯ ಆಚೆ ದಡದಲ್ಲಿ ಹಳ್ಳಿಗಳು ಉರಿಯುತ್ತಿದ್ದವು.

ಆದರೆ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಮುಸ್ಲಿಮ್ ಕುಟುಂಬಗಳಲ್ಲಿ ಓದಿಗೆಂದೋ ಉದ್ಯೋಗಕ್ಕೆಂದೋ ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದವರು ಕಡಿಮೆಯೇನಿಲ್ಲ. ಅವರ ಮಕ್ಕಳು ಇಂದು 'ರಝಾಕಾರ' ಎಂಬ ಪದವನ್ನು ಮೊಬೈಲಿನಲ್ಲಿ ಬೈಗುಳವಾಗಿ ಕೇಳುತ್ತಾರೆ. ಮನೆಗೆ ಬಂದು ಅದರ ಅರ್ಥವನ್ನು ಕೇಳುತ್ತಾರೆ. ಅನೇಕ ಮನೆಗಳಲ್ಲಿ ಅದಕ್ಕೆ ಸಿಗುವ ಉತ್ತರ ಮೌನ. ಕೆಲವೆಡೆ ನಿಜಾಮರ ವೈಭವದ ವರ್ಣನೆ, ಇನ್ನು ಕೆಲವೆಡೆ ನಮಗೂ ಅದಕ್ಕೂ ಸಂಬಂಧವಿಲ್ಲವೆಂಬ ಜಾರಿಕೆಯ ಮಾತು. ಈ ಮೂರೂ ಸತ್ಯಕ್ಕೆ ನ್ಯಾಯ ಒದಗಿಸುವುದಿಲ್ಲ. ಆದ್ದರಿಂದ ನಡೆದದ್ದೇನು ಎಂಬುದನ್ನು ಮೊದಲು ಅರಿಯೋಣ.

ಕನ್ನಡದ ನಡುವೆ ಒಂದು ಗಡಿ

ಇಂದು ಮುಂಡರಗಿಯಿಂದ ಕೊಪ್ಪಳಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಯಾವ ಗಡಿಯೂ ಕಾಣದು. 1947ರಲ್ಲಿ ಅಲ್ಲಿ ಗಡಿಯಿತ್ತು. ಮುಂಡರಗಿ, ಗಜೇಂದ್ರಗಡಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳು ನಿಜಾಮರ ಹೈದರಾಬಾದ್ ರಾಜ್ಯದೊಳಗಿದ್ದವು. ಹೊಸಪೇಟೆ ಮದರಾಸು ಪ್ರಾಂತದಲ್ಲಿತ್ತು. ಹೊಳೆಯಾಚೆಯ ಮುನಿರಾಬಾದ್ ನಿಜಾಮರದು. ಎರಡೂ ಕಡೆ ಒಂದೇ ಭಾಷೆ, ಒಂದೇ ಜೋಳದ ರೊಟ್ಟಿ, ಹೆಣ್ಣು ಕೊಟ್ಟು ತರುವ ಸಂಬಂಧಗಳು. ಆದರೆ ಆಚೆ ಕಡೆಯ ನಾಣ್ಯ ಬೇರೆ, ಪೊಲೀಸರು ಬೇರೆ. ಗಡಿಯುದ್ದಕ್ಕೂ ಕರೋಡಗಿರಿ ನಾಕಾಗಳು, ಅಂದರೆ ಸುಂಕದ ಕಟ್ಟೆಗಳು ಇದ್ದವು.

ಹದಿನಾರು ಜಿಲ್ಲೆಗಳ ಆ ರಾಜ್ಯದಲ್ಲಿ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಮುಸ್ಲಿಮರು ಸುಮಾರು ಎಂಟಕ್ಕೆ ಒಬ್ಬರು. ಅರಸರು ಮುಸ್ಲಿಮರೆಂದ ಮಾತ್ರಕ್ಕೆ ಆ ಎಂಟನೆಯವನ ಬದುಕು ಸುಖದಲ್ಲಿರಲಿಲ್ಲ. ನಗರದ ಕೆಲವು ಅಧಿಕಾರಿ, ಜಾಗೀರುದಾರ ಮನೆತನಗಳನ್ನು ಬಿಟ್ಟರೆ ಹಳ್ಳಿಗಳ ಮುಸ್ಲಿಮರು ನೇಕಾರರು, ಪಿಂಜಾರರು, ಕೂಲಿಗಳು, ಸಣ್ಣ ರೈತರಾಗಿದ್ದರು. ಮುಂದಿನ ಕಥೆಯಲ್ಲಿ ಬೆಲೆ ತೆತ್ತವರು ಇವರೇ.

ಬ್ರಿಟಿಷರು ಹೊರಡುವ ಮುನ್ನ, 1947ರ ಜೂನ್‌ನಲ್ಲಿ, ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಭಾರತ, ಪಾಕಿಸ್ತಾನಗಳೆರಡನ್ನೂ ಸೇರುವುದಿಲ್ಲವೆಂದು ಫರ್ಮಾನು ಹೊರಡಿಸಿದರು. ಆಗಸ್ಟ್ 7ರಂದು ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಒಕ್ಕೂಟಕ್ಕೆ ಸೇರಬೇಕೆಂದು ಸತ್ಯಾಗ್ರಹ ಆರಂಭಿಸಿತು. ನಾಯಕರು ಸೆರೆಮನೆ ಸೇರಿದರು. ನವೆಂಬರ್ 29ರಂದು ಭಾರತ ಸರಕಾರ ಮತ್ತು ನಿಜಾಮರ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಕಾಗದದ ಮೇಲೆ ಶಾಂತಿ ಮೂಡಿದ್ದ ಆ ತಿಂಗಳುಗಳಲ್ಲೇ ಗಡಿಯಲ್ಲಿ ಘೋಷಣೆಯಿಲ್ಲದ ಯುದ್ಧವೊಂದು ನಡೆಯಿತು.

ಶಿಬಿರಗಳು ಮತ್ತು ದಾಳಿಗಳು

ಬಂಧನದಿಂದ ತಪ್ಪಿಸಿಕೊಂಡ ಕಾರ್ಯಕರ್ತರು ಗಡಿ ದಾಟಿ ಒಕ್ಕೂಟದ ನೆಲದಲ್ಲಿ ಶಿಬಿರಗಳನ್ನು ಹೂಡಿದರು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ಮುಂದಾಳುಗಳು. ಶಿವಮೂರ್ತಿಸ್ವಾಮಿಗಳು ಮುಂದೆ 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದರು. ಶಾಲೆ ಕಾಲೇಜು ಬಿಟ್ಟ ಯುವಕರು, ಊರು ತೊರೆದ ರೈತರು ಈ ಶಿಬಿರಗಳಲ್ಲಿ ಸೇರಿದರು.

ದಾಳಿಯ ಕ್ರಮ ಸರಳವಾಗಿತ್ತು. ಸಣ್ಣ ತಂಡವೊಂದು ಗಡಿ ದಾಟಿ ನಾಕಾವನ್ನೋ ಪೊಲೀಸ್ ಠಾಣೆಯನ್ನೋ ಮುತ್ತುವುದು, ಬಂದೂಕುಗಳನ್ನು ಕಸಿದುಕೊಳ್ಳುವುದು, ಕಾಗದಪತ್ರಗಳನ್ನು ಸುಡುವುದು, ಮತ್ತೆ ಗಡಿಯೀಚೆ ಸೇರಿಕೊಳ್ಳುವುದು. ಸರಕಾರವು ಬಲವಂತದಿಂದ ವಸೂಲು ಮಾಡಿದ ಲೇವಿ ಧಾನ್ಯದ ಮೇಲೂ, ಆದಾಯ ತರುತ್ತಿದ್ದ ಸೇಂದಿ ಮರಗಳ ಮೇಲೂ ಅವರ ಕಣ್ಣಿತ್ತು. ಮರಾಠಿ ಭಾಗದಲ್ಲಿ 1948ರ ಜನವರಿ 30ರಂದು, ದಿಲ್ಲಿಯಲ್ಲಿ ಗಾಂಧೀಜಿಯವರ ಹತ್ಯೆಯಾದ ದಿನವೇ, ನಾಂದೇಡ ಜಿಲ್ಲೆಯ ಉಮ್ರಿಯ ಬ್ಯಾಂಕಿನ ಮೇಲೆ ಇಂತಹ ತಂಡವೊಂದು ದಾಳಿ ಮಾಡಿತು.

ಇದು ಜನರಿಗೆ ಹೊಣೆಯಾದ ಸರಕಾರಕ್ಕಾಗಿ ನಡೆದ ಹೋರಾಟವೆಂಬುದರಲ್ಲಿ ಸಂಶಯವಿಲ್ಲ. ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸುವ ಹಕ್ಕು ಆ 1 ಕೋಟಿ 60 ಲಕ್ಷ ಜನರಿಗಿತ್ತು. ಆದರೆ ಗಡಿದಾಳಿಯಲ್ಲಿ ಒಂದು ಕಠೋರ ಸತ್ಯ ಅಡಗಿರುತ್ತದೆ. ದಾಳಿ ಮಾಡಿದವನು ಬೆಳಗಾಗುವುದರೊಳಗೆ ಗಡಿಯಾಚೆ ಹೋಗಬಲ್ಲ. ಊರು ಎದ್ದು ಹೋಗಲಾರದು. ಮರುದಿನ ಬಂದ ಶಸ್ತ್ರಧಾರಿಗಳ ಸಿಟ್ಟು ಮನೆಯಲ್ಲೇ ಉಳಿದ ಮುದುಕರು, ಹೆಂಗಸರು, ಮಕ್ಕಳ ಮೇಲೆ ತಿರುಗುತ್ತದೆ.

ಸಮುದಾಯದ ಹೆಸರು ಹೊತ್ತ ದಂಡು

ಹಾಗೆ ಬಂದವರಲ್ಲಿ ನಿಜಾಮರ ಪೊಲೀಸರ ಜೊತೆಗೆ ರಝಾಕಾರರೂ ಇದ್ದರು. ಮಜ್ಲಿಸೆ ಇತ್ತಿಹಾದುಲ್ ಮುಸ್ಲಿಮೀನ್ ಸಂಘಟನೆಯ ಈ ಸ್ವಯಂಸೇವಕ ದಳದ ಮುಖ್ಯಸ್ಥ ಲಾತೂರಿನ ವಕೀಲ ಖಾಸಿಂ ರಝ್ವಿ. ರಝಾಕಾರ ಎಂಬ ಪದಕ್ಕೆ ಸ್ವಯಂಸೇವಕನೆಂಬ ಸಾಧು ಅರ್ಥವೇ ಇದೆ. ಆದರೆ ಈ ದಳವು ಆ ಪದವನ್ನು ಭಯದ ಹೆಸರಾಗಿ ಮಾಡಿತು. ಲೂಟಿ, ಬೆಂಕಿ, ಕೊಲೆಗಳಿಂದ ಬೇಸತ್ತ ಸಾವಿರಾರು ಕುಟುಂಬಗಳು ಹೊಲಮನೆ ಬಿಟ್ಟು ಹೊಸಪೇಟೆ, ಗದಗ, ವಿಜಯಪುರ, ಸೊಲ್ಲಾಪುರಗಳತ್ತ ಓಡಿದವು. ಗಡಿ ದಾಟಿ ಒಕ್ಕೂಟದ ಹಳ್ಳಿಗಳ ಮೇಲೆ ರಝಾಕಾರರು ದಾಳಿ ಮಾಡಿದ್ದೂ ಉಂಟು. 1948ರ ಮೇ ತಿಂಗಳಿನಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ಆ ಊರು ಇಂದಿಗೂ ಮರೆತಿಲ್ಲ. ಸುಮಾರು ಇನ್ನೂರು ಮಂದಿ ಹತರಾದರೆಂಬುದು ಅಲ್ಲಿನ ಜನರ ನೆನಪು.

ಇದನ್ನು ಏನೆಂದು ಕರೆಯಬೇಕು? ಝುಲ್ಮ್ ಎಂದೇ ಕರೆಯಬೇಕು. ನಿರಪರಾಧಿಗಳ ರಕ್ತ ಹರಿಸಿದವನು ಯಾವ ಘೋಷಣೆ ಕೂಗುತ್ತ ಬಂದನೆಂಬುದು ಆ ರಕ್ತದ ಬಣ್ಣವನ್ನು ಬದಲಿಸುವುದಿಲ್ಲ. ಯುದ್ಧಕ್ಕೆ ಹೊರಟ ಸೈನ್ಯಕ್ಕೆ ಪ್ರಥಮ ಖಲೀಫ ಹಝ್ರತ್ ಅಬೂಬಕರ್(ರ) ನೀಡಿದ ಆದೇಶಗಳನ್ನು ಮದ್ರಸದ ಮಕ್ಕಳೂ ಬಲ್ಲರು: ಹೆಂಗಸರು, ಮಕ್ಕಳು, ವೃದ್ಧರನ್ನು ಮುಟ್ಟಬಾರದು, ಫಲ ಕೊಡುವ ಮರವನ್ನು ಕಡಿಯಬಾರದು, ನೆಲೆಸಿದ ಊರನ್ನು ಹಾಳುಗೆಡವಬಾರದು. ಈ ಆದೇಶಗಳನ್ನು ಕಾಲಡಿ ಹಾಕಿದವರಿಗೆ ದೀನಿನ ಹೆಸರು ಹೇಳುವ ಅರ್ಹತೆಯಿರಲಿಲ್ಲ.

ಬೇಡವೆಂದ ಮುಸ್ಲಿಮರು

ಆ ದಿನಗಳಲ್ಲಿ ಬೇಡವೆಂದು ಹೇಳಿದ ಮುಸ್ಲಿಮರು ಇರಲಿಲ್ಲವೇ? ಇದ್ದರು. 1948ರ ಆಗಸ್ಟ್‌ನಲ್ಲಿ ಏಳು ಮಂದಿ ಮುಸ್ಲಿಮ್ ಗಣ್ಯರು, ಅವರಲ್ಲಿ ಬಾಖರ್ ಅಲಿ ಮಿರ್ಝಾ, ಫರೀದ್ ಮಿರ್ಝಾ ಮುಂತಾದವರು, ರಾಜ್ಯವು ಭಾರತ ಒಕ್ಕೂಟವನ್ನು ಸೇರಬೇಕೆಂದು ಬಹಿರಂಗ ಹೇಳಿಕೆ ನೀಡಿದರು. ಆ ಹೇಳಿಕೆಯನ್ನು 'ಇಮ್ರೋಝ್' ಎಂಬ ಉರ್ದು ದಿನಪತ್ರಿಕೆಯಲ್ಲಿ ಪ್ರಕಟಿಸಿದವರು ಅದರ ಸಂಪಾದಕ ಶುಐಬುಲ್ಲಾ ಖಾನ್. ರಝಾಕಾರರ ಕೃತ್ಯಗಳನ್ನು ಅವರು ನಿರ್ಭೀತಿಯಿಂದ ಬರೆಯುತ್ತ ಬಂದಿದ್ದರು. ಆಗಸ್ಟ್ 21ರ ರಾತ್ರಿ ಪತ್ರಿಕಾಲಯದಿಂದ ಮನೆಗೆ ಮರಳುತ್ತಿದ್ದಾಗ ಅವರಿಗೆ ಗುಂಡು ಹಾರಿಸಲಾಯಿತು. ಬರೆಯುವ ಕೈಯನ್ನೇ ಕಡಿಯಲಾಯಿತು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಅದೇ ದಿನಾಂಕದಂದು ನಿಜಾಮರ ಸರಕಾರವು ಭಾರತದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕಳುಹಿಸಿತ್ತು. ಹೊರಗಿನವರ ಮುಂದೆ ನ್ಯಾಯ ಕೇಳಿದ ರಾಜ್ಯಕ್ಕೆ ತನ್ನದೇ ಪ್ರಜೆಯ ಲೇಖನಿಯನ್ನು ಕಾಪಾಡಲಾಗಲಿಲ್ಲ.

ತೆಲಂಗಾಣದ ರೈತ ಹೋರಾಟದ ಮುಂಚೂಣಿಯಲ್ಲಿ ಉರ್ದು ಕವಿ ಮಖ್ದೂಮ್ ಮೊಹಿಯುದ್ದೀನ್ ಇದ್ದರು. ಈ ಹೆಸರುಗಳು ನಮ್ಮ ಮಕ್ಕಳಿಗೆ ಏಕೆ ತಿಳಿದಿಲ್ಲ? 'ರಝಾಕಾರ' ಎಂದು ಹೀಯಾಳಿಸಿಕೊಂಡ ಮಗುವಿನ ಕೈಗೆ ಶುಐಬುಲ್ಲಾ ಖಾನರ ಹೆಸರನ್ನು ನಾವು ಕೊಟ್ಟಿದ್ದೇವೆಯೇ?

ಸೋಲಿನ ನಂತರ

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹಲವು ದಿಕ್ಕುಗಳಿಂದ ಹೈದರಾಬಾದನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನವಿರಾಮ ಘೋಷಿಸಿದರು. ಮರುದಿನ ಅವರ ಸೇನಾಧಿಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. ಉತ್ಸವದ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ.

ಆದರೆ ಹಳ್ಳಿಗಳಲ್ಲಿ ಅದು ಮುಗಿಯಲಿಲ್ಲ. ರಝಾಕಾರರ ಮೇಲಿನ ಸೇಡು ಸಾಮಾನ್ಯ ಮುಸ್ಲಿಮರ ಮೇಲೆ ತೀರಿತು. ಬಂದ ವರದಿಗಳಿಂದ ಕಳವಳಗೊಂಡ ಪ್ರಧಾನಿ ನೆಹರೂ ಪಂಡಿತ್ ಸುಂದರಲಾಲ್, ಪತ್ರಕರ್ತ ಖಾಝಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನೊಳಗೊಂಡ ಸಮಿತಿಯನ್ನು ಕಳುಹಿಸಿದರು. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಮಿತಿಯು ಹದಿನಾರರಲ್ಲಿ ಒಂಬತ್ತು ಜಿಲ್ಲೆಗಳನ್ನು ಸುತ್ತಿತು. 109 ಹಳ್ಳಿಗಳಿಗೆ ಸೇರಿದ 500ಕ್ಕೂ ಹೆಚ್ಚು ಜನರ ಮಾತು ಕೇಳಿತು. ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ಪ್ರಾಣ ಕಳೆದುಕೊಂಡವರು 27,000ದಿಂದ 40,000 ಎಂಬುದು ಅದರ ಅಂದಾಜು. ಅತಿ ಹೆಚ್ಚು ನಲುಗಿದವೆಂದು ಅದು ಗುರುತಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ. ಇವುಗಳಲ್ಲಿ ಎರಡು ಇಂದಿನ ಕರ್ನಾಟಕದಲ್ಲಿವೆ. ಗಡಿಯಾಚೆಯಿಂದ ಬಂದ ಶಸ್ತ್ರಸಜ್ಜಿತ ತಂಡಗಳೂ ಈ ಹಿಂಸೆಯಲ್ಲಿ ಪಾಲ್ಗೊಂಡಿದ್ದವೆಂದು ಸಮಿತಿ ದಾಖಲಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಅದೇ ವರದಿ ಇನ್ನೊಂದು ಸತ್ಯವನ್ನೂ ದಾಖಲಿಸಿದೆ. ಪ್ರಾಣದ ಹಂಗು ತೊರೆದು ಮುಸ್ಲಿಮ್ ನೆರೆಯವರನ್ನು ಕಾಪಾಡಿದ ಹಿಂದೂಗಳು ಅನೇಕ ಕಡೆ ಇದ್ದರು. ಹೊರಗಿನಿಂದ ಬಂದ ಗುಂಪುಗಳಿಗೆ ಎದುರಾಗಿ ತಮ್ಮ ಮುಸ್ಲಿಮ್ ಸಹನೇಕಾರರನ್ನು ರಕ್ಷಿಸಿದ ಹಿಂದೂ ನೇಕಾರರ ಪ್ರಸಂಗವನ್ನು ಅದು ಉಲ್ಲೇಖಿಸುತ್ತದೆ. ಅಪಹರಣಕ್ಕೊಳಗಾದ ಮುಸ್ಲಿಮ್ ಹೆಣ್ಣುಮಕ್ಕಳನ್ನು ಮರಳಿ ತರಲು ಹಿಂದೂಗಳು ನೆರವಾದರು.

ಇನ್ನು ಖಾಸಿಂ ರಝ್ವಿ? ಜೈಲುವಾಸ ಮುಗಿಸಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೊರಟುಹೋದ. ಹೋಗಲು ಬೇರೆ ನೆಲವಿಲ್ಲದ, ಹೋಗಲು ಬಯಸದ ಬೀದರ್, ಕಲಬುರಗಿಯ ಬಡ ಮುಸ್ಲಿಮರು ಅವನ ಆವೇಶದ ಸಾಲವನ್ನು ತೀರಿಸುತ್ತ ಉಳಿದರು.

ನಖ್ಲಾದ ಪಾಠ

ಸೀರತ್ ಓದಿದವರಿಗೆ ನಖ್ಲಾದ ಘಟನೆ ಗೊತ್ತು. ಹಿಜ್ರಾ ಎರಡನೆಯ ವರ್ಷ, ಬದ್ರ್ ಯುದ್ಧಕ್ಕೆ ಮುಂಚೆ, ಅಬ್ದುಲ್ಲಾ ಇಬ್ನು ಜಹಶ್(ರ) ನೇತೃತ್ವದ ಸಣ್ಣ ತಂಡವೊಂದು ಮಕ್ಕಾ ಮತ್ತು ತಾಇಫ್ ನಡುವಿನ ನಖ್ಲಾದಲ್ಲಿ ಕುರೈಶರ ವಾಣಿಜ್ಯ ತಂಡದ ಮೇಲೆ ದಾಳಿ ಮಾಡಿತು. ಒಬ್ಬ ಹತನಾದ, ಇಬ್ಬರು ಸೆರೆಸಿಕ್ಕರು. ಅದು ರಜಬ್, ಅಂದರೆ ಯುದ್ಧ ನಿಷಿದ್ಧವಾದ ತಿಂಗಳು. ತಂಡ ಮದೀನಾಕ್ಕೆ ಮರಳಿದಾಗ ಪ್ರವಾದಿ(ಸ)ರು ಅದನ್ನು ಮೆಚ್ಚಲಿಲ್ಲ. ನಿಷಿದ್ಧ ಮಾಸದಲ್ಲಿ ಹೋರಾಡಲು ತಾವು ಆದೇಶಿಸಿರಲಿಲ್ಲವೆಂದರು. ತಂದ ಸೊತ್ತನ್ನು ಸ್ವೀಕರಿಸದೆ ತಡೆಹಿಡಿದರು.

ಆ ಬಳಿಕ ಅವತೀರ್ಣವಾದ ಸೂರಃ ಅಲ್-ಬಖರಃದ 217ನೆಯ ವಚನದ ಕ್ರಮವನ್ನು ಗಮನಿಸಿರಿ. ಆ ತಿಂಗಳಿನಲ್ಲಿ ಹೋರಾಡುವುದು ಘೋರವೇ ಹೌದೆಂದು ಅದು ಮೊದಲು ಒಪ್ಪುತ್ತದೆ. ಆ ಬಳಿಕವೇ ಜನರನ್ನು ಅಲ್ಲಾಹನ ಮಾರ್ಗದಿಂದ ತಡೆದ, ಮನೆಗಳಿಂದ ಹೊರಗಟ್ಟಿದ ಕುರೈಶರ ಅಪರಾಧ ಅದಕ್ಕಿಂತ ಘೋರವೆಂದು ಹೇಳುತ್ತದೆ. ಎದುರಾಳಿಯ ತಪ್ಪು ದೊಡ್ಡದೆಂಬ ಕಾರಣಕ್ಕೆ ನಮ್ಮವರ ತಪ್ಪು ಸರಿಯಾಗಲಿಲ್ಲ. ನಮ್ಮವರ ತಪ್ಪನ್ನು ಒಪ್ಪಿದ ಕಾರಣಕ್ಕೆ ಎದುರಾಳಿಯ ಅಪರಾಧ ಅಳಿಸಿಹೋಗಲೂ ಇಲ್ಲ. ಎರಡನ್ನೂ ಹೇಳಲಾಯಿತು, ಪ್ರತಿಯೊಂದನ್ನೂ ಅದರದರ ತೂಕದಲ್ಲಿ ಹೇಳಲಾಯಿತು.

1948ಕ್ಕೂ ಇದೇ ತಕ್ಕಡಿ ಬೇಕು. ಗೋರ್ಟಾದ ಬಗ್ಗೆ ಕೇಳಿದಾಗ ಸುಂದರಲಾಲ್ ವರದಿಯನ್ನು ಮುಂದೊಡ್ಡಿ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಸುಂದರಲಾಲ್ ವರದಿಯ ಬಗ್ಗೆ ಕೇಳಿದಾಗ ಗೋರ್ಟಾವನ್ನು ಮುಂದೊಡ್ಡುವುದೂ ನ್ಯಾಯವಲ್ಲ. ಒಂದು ಹೆಣ ಇನ್ನೊಂದು ಹೆಣಕ್ಕೆ ಉತ್ತರವಾಗಲಾರದು. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ಸೂರಃ ಅಲ್-ಮಾಇದಾದ ಎಚ್ಚರಿಕೆ ರಣರಂಗಕ್ಕೆ ಮಾತ್ರವಲ್ಲ, ನೆನಪಿಗೂ ಅನ್ವಯಿಸುತ್ತದೆ.

ಆದ್ದರಿಂದ ಮುಂದಿನ ಸೆಪ್ಟೆಂಬರ್ 17ರಂದು ನಮ್ಮ ಮನೆಗಳಲ್ಲಿ ಮೌನವಿರದಿರಲಿ. ರಝಾಕಾರರು ಮಾಡಿದ್ದು ಝುಲ್ಮ್ ಎಂದು ಮಕ್ಕಳಿಗೆ ಹೇಳೋಣ; ಅದನ್ನು ಎದುರಿಸಿ ಪ್ರಾಣ ತೆತ್ತ ಮುಸ್ಲಿಮನ ಹೆಸರನ್ನೂ ಹೇಳೋಣ. ಯಾವ ಅಪರಾಧವನ್ನೂ ಮಾಡದೆ ಸತ್ತ ಸಾವಿರಾರು ಮುಸ್ಲಿಮರಿದ್ದರೆಂದು ಹೇಳೋಣ. ಅವರನ್ನು ಉಳಿಸಲು ಬಾಗಿಲಿಗೆ ಅಡ್ಡ ನಿಂತ ನೆರೆಯವರಿದ್ದರೆಂದೂ ಹೇಳೋಣ. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನ ಹೆಗಲಿಗೆ ಹೊರಿಸಲಾಗದೆಂಬುದು ಕುರ್‌ಆನಿನ ಬೋಧನೆ. ಆ ಬೋಧನೆ ತಿಳಿದ ಮಗು ಬೈಗುಳ ಕೇಳಿ ಕುಗ್ಗುವುದಿಲ್ಲ, ಕೆರಳುವುದೂ ಇಲ್ಲ. ನಡೆದದ್ದನ್ನು ನೆಟ್ಟಗೆ ಹೇಳುತ್ತದೆ.

ಸ್ವಂತದವರ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿ ನುಡಿಯುವ ಧೈರ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.